ಛತ್ರಿ ರಿಪೇರಿಯವನಿಗೆ ಊರೆಲ್ಲ ಹಾರ ಹಾಕಿದ ದಿನ

ನಮ್ಮೂರು ಎಲ್ಲಿದೆ ಅಂತ ಕೇಳಬೇಡಿ. ನಾನು ಹುಟ್ಟಿದ್ದು, ಬೆಳೆದದ್ದು, ಹೂ ಕಟ್ಟಿ ಮಾರಿದ್ದು ಎಲ್ಲ ಅಲ್ಲೇ ಆದರೂ ದಾರಿ ಹೇಳು ಅಂದರೆ ನನಗೆ ಬರುವುದಿಲ್ಲ. ನಿದ್ದೆ ಹತ್ತಿದವರು ಬಂದಿದ್ದಾರೆ, ದಾರಿ ತಪ್ಪಿದವರು ಬಂದಿದ್ದಾರೆ. ವಿಳಾಸ ಹಿಡಿದುಕೊಂಡು ಹೊರಟವರು ಮಾತ್ರ ಈವರೆಗೆ ಯಾರೂ ಬಂದು ಮುಟ್ಟಿಲ್ಲ.

ಊರ ನಡುವೆ ಒಂದು ಕಟ್ಟೆ. ಕಟ್ಟೆಯ ಮೇಲೆ ಒಂದು ಕಲ್ಲು. ಕಲ್ಲಿನ ಮೇಲೆ ಒಂದೇ ಮಾತು: ಒಬ್ಬರಿಗೆ ಸಲ್ಲುವುದು ಎಲ್ಲರಿಗೂ ಸಲ್ಲಬೇಕು. ಯಾರು ಕೆತ್ತಿದರೋ ದೇವರೇ ಬಲ್ಲ. ಮಾತೇನೋ ಬಂಗಾರದಂಥದ್ದು. ಆದರೆ ನಮ್ಮವರು ಅದನ್ನು ನಡೆಸಿಕೊಂಡು ಬಂದ ರೀತಿ ಇದೆಯಲ್ಲ, ಅದನ್ನು ಹೇಳಿದರೆ ನೀವು ನಗುತ್ತೀರಿ. ನಗಿ, ನಮಗೇನೂ ಬೇಜಾರಿಲ್ಲ.

ಊರಿನಲ್ಲಿ ಯಾರಿಗಾದರೂ ಈವರೆಗೆ ಯಾರೂ ಮಾಡದ ಕೆಲಸ ಮಾಡಬೇಕು ಅನ್ನಿಸಿತು ಅನ್ನಿ. ಅವರು ಕಟ್ಟೆ ಹತ್ತಿ ಅದನ್ನು ಗಟ್ಟಿಯಾಗಿ ಹೇಳಬೇಕು. ಮರುದಿನ ಎಲ್ಲರ ದಿನ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಊರಿನವರೆಲ್ಲ ಅದೇ ಕೆಲಸ ಮಾಡಬೇಕು. ಹೊತ್ತು ಮುಳುಗುವಾಗ ಊರು ಇನ್ನೂ ಊರಾಗಿ ಉಳಿದಿದ್ದರೆ ತೀರ್ಪಿನಜ್ಜ ಗಂಟೆ ಹೊಡೆದು 'ಸಲ್ಲುತ್ತದೆ' ಅನ್ನುತ್ತಿದ್ದ. ಊರು ಕೆಟ್ಟು ಕೆರ ಹಿಡಿದಿದ್ದರೆ 'ಸಲ್ಲದು' ಅನ್ನುತ್ತಿದ್ದ. ಸಲ್ಲುತ್ತದೆ ಅಂದರೆ ಎಲ್ಲರಿಗೂ ಸಲ್ಲುತ್ತದೆ, ಸಲ್ಲದು ಅಂದರೆ ಯಾರಿಗೂ ಎಂದೆಂದಿಗೂ ಸಲ್ಲದು. ಅಜ್ಜ ಒಮ್ಮೆ ಹೇಳಿದರೆ ಮುಗಿಯಿತು.

ಒಂದು ಸಲ ಊರಿನ ಸೋಮಾರಿ ಕಟ್ಟೆ ಹತ್ತಿ, ಇನ್ನು ಮೇಲೆ ನನ್ನನ್ನು ಯಾರಾದರೂ ಹೆಗಲ ಮೇಲೆ ಹೊತ್ತು ತಿರುಗಬೇಕು ಅಂದ. ಮರುದಿನ ಊರಿಗೆ ಊರೇ ಬೀದಿಯಲ್ಲಿ ಕೈ ಮೇಲೆತ್ತಿ ನಿಂತಿತು, ಯಾರಾದರೂ ಬಂದು ಹೊತ್ತುಕೊಳ್ಳಲಿ ಅಂತ. ಹೊರುವವರು ಎಲ್ಲಿಂದ ಬರಬೇಕು? ಸಂಜೆಯ ತನಕ ಕೈ ಎತ್ತಿಕೊಂಡೇ ನಿಂತಿದ್ದೆವು. ಸಲ್ಲದು ಅಂದ ಅಜ್ಜ. ಇನ್ನೊಂದು ಸಲ ಬಡಗಿ ತಾನು ಕೊಟ್ಟ ಮಾತನ್ನು ವಾಪಸು ತಗೊಳ್ಳಬೇಕು ಅಂದ. ಮರುದಿನ ಕ್ಷೌರದವನು ಅರ್ಧ ತಲೆ ಬೋಳಿಸಿ ಎದ್ದು ಹೋದ, ಊಟಕ್ಕೆ ಕರೆದವರ ಮನೆಗೆ ಬೀಗ ಬಿದ್ದಿತ್ತು, ಮಧ್ಯಾಹ್ನದ ಹೊತ್ತಿಗೆ 'ಆಮೇಲೆ ಸಿಗ್ತೀನಿ' ಅಂದವರನ್ನು ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅದೂ ಸಲ್ಲದು. ಆದರೆ ಶಾಲೆಯ ಮೇಷ್ಟ್ರು ಕಟ್ಟೆ ಹತ್ತಿ, ಅಜ್ಜನ ತೀರ್ಪು ತಪ್ಪು ಅಂತ ಹೇಳಬೇಕು ಅಂದಾಗ ನಾವೆಲ್ಲ ಬೆಳಗಿನಿಂದ ಸಂಜೆಯವರೆಗೆ ಅಜ್ಜನನ್ನು ಬಾಯಿಗೆ ಬಂದಂತೆ ಅಂದೆವು. ಗಂಟಲು ಕಟ್ಟಿತೇ ಹೊರತು ಊರಿಗೆ ಏನೂ ಆಗಲಿಲ್ಲ. ಅಜ್ಜ ಮುಖ ಹುಳ್ಳಗೆ ಮಾಡಿಕೊಂಡು 'ಸಲ್ಲುತ್ತದೆ' ಅಂದ. ಮನುಷ್ಯ ಹಟಮಾರಿ, ಆದರೆ ಮೋಸಗಾರನಲ್ಲ. ನನ್ನ ಪಕ್ಕದ ಮನೆಯವನು, ನನಗೆ ಗೊತ್ತಿಲ್ಲವೇ?

ಇನ್ನು ಮದುವೆಯ ವಿಷಯ. ಹಿರಿಯರು ಕೈಗೆ ಹಾರ ಕೊಟ್ಟು ಬೆರಳು ತೋರಿಸಿದ ಕಡೆ ಹೋಗಿ ಹಾಕುವುದು ನಮ್ಮಲ್ಲಿನ ಪದ್ಧತಿ. ಹಾರ ಕೊರಳಿಗೆ ಬಿದ್ದರೆ ಮದುವೆ ಆಯಿತು. ಅದು ಯಾವ ಕಾಲದಲ್ಲಿ ಸಂದದ್ದೋ, ಯಾರು ಕಟ್ಟೆ ಹತ್ತಿದ್ದರೋ, ಯಾರಿಗೂ ನೆನಪಿರಲಿಲ್ಲ. ನಾನೂ ಹಾಗೇ ಹಾಕಿದ್ದು, ನಮ್ಮಮ್ಮನೂ ಹಾಗೇ ಹಾಕಿದ್ದು.

ನಮ್ಮ ಬೀದಿಯಲ್ಲಿ ಒಬ್ಬಳು ಹಪ್ಪಳದ ಹುಡುಗಿ. ಮಾಳಿಗೆಯ ಮೇಲೆ ಹಪ್ಪಳ ಹರವಿ ದಿನವಿಡೀ ಬಿಸಿಲು ಕಾಯುವವಳು. ಎದುರು ಸಾಲಿನಲ್ಲಿ ಛತ್ರಿ ರಿಪೇರಿಯವನ ಅಂಗಡಿ. ಅವನು ದಿನವಿಡೀ ಮಳೆಯ ದಾರಿ ಕಾಯುವವನು. ಅವಳಿಗೆ ಬಿಸಿಲು ಬೇಕು, ಅವನಿಗೆ ಮಳೆ ಬೇಕು. ಹಾಗಾಗಿ ಇಬ್ಬರೂ ದಿನಕ್ಕೆ ನೂರು ಸಲ ತಲೆ ಎತ್ತಿ ಆಕಾಶ ನೋಡುತ್ತಿದ್ದರು. ಅವಳು ಆಕಾಶ ನೋಡಿ ಕಣ್ಣು ಇಳಿಸುವಾಗ ಅವನಿರುತ್ತಿದ್ದ, ಅವನು ಕಣ್ಣು ಇಳಿಸುವಾಗ ಅವಳಿರುತ್ತಿದ್ದಳು. ಮಿಕ್ಕದ್ದನ್ನು ನಾನು ಬಿಡಿಸಿ ಹೇಳಬೇಕೇ?

ಅವಳ ಸೋದರಮಾವ ಬೆರಳು ತೋರಿಸಿದ್ದು ಮಾತ್ರ ಬೆಲ್ಲದ ಮಂಡಿಯವನ ಕಡೆಗೆ. ಒಳ್ಳೆಯವನೇ ಪಾಪ, ಬೆಲ್ಲದ ವಾಸನೆಯ ದಪ್ಪ ಮನುಷ್ಯ. ಹಾರಕ್ಕೆ ನನಗೇ ಹೇಳಿದರು. ನಾನು ಸೇವಂತಿಗೆ ಕಟ್ಟುತ್ತಾ ಕೂತಿದ್ದಾಗ ಹುಡುಗಿ ನನ್ನ ಮುಂದಿನಿಂದಲೇ ಸರಸರ ನಡೆದು ಹೋಗಿ ಕಟ್ಟೆ ಹತ್ತಿಬಿಟ್ಟಳು. ನನ್ನ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು.

"ನಾನು ಛತ್ರಿ ರಿಪೇರಿಯವನನ್ನು ಮದುವೆಯಾಗಬೇಕು," ಅಂದಳು.

ಅವಳ ತಾಯಿ ಅಲ್ಲೇ ಕುಸಿದು ಕೂತಳು. ಸೋದರಮಾವ ಮೀಸೆ ಕಚ್ಚಿದ. ತೀರ್ಪಿನಜ್ಜ ಗಡ್ಡ ನೀವಿಕೊಂಡು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದ. ಈವರೆಗೆ ಯಾರೂ ಮಾಡದ ಕೆಲಸ ಹೌದು, ಹುಡುಗಿ ಕಟ್ಟೆ ಹತ್ತಿ ಹೇಳಿದ್ದೂ ಹೌದು. ಹಾಗಾಗಿ ನಾಳೆ ಎಲ್ಲರ ದಿನ, ಊರಿನ ವಯಸ್ಸಿಗೆ ಬಂದವರೆಲ್ಲ ಛತ್ರಿ ರಿಪೇರಿಯವನನ್ನು ಮದುವೆಯಾಗತಕ್ಕದ್ದು ಅಂತ ಸಾರಿಬಿಟ್ಟ. ಮದುವೆಯಾದವರು ಏನು ಮಾಡಬೇಕು ಅಂತ ಯಾರೋ ಕೇಳಿದರು. ಗಂಡಸರು ಏನು ಮಾಡಬೇಕು ಅಂತ ಪೈಲ್ವಾನ ಕೇಳಿದ. ಎಲ್ಲರೂ ಅಂದರೆ ಎಲ್ಲರೂ ಅಂದ ಅಜ್ಜ. ಪದ್ಧತಿಯಂತೆ, ಹೇಳಿದವರೇ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಹುಡುಗಿ ತಲೆಯಾಡಿಸಿ ಮನೆಗೆ ಹೋದಳು. ಅವಳ ಮುಖ ಬಿಳಿಚಿಕೊಂಡಿತ್ತು. ಒಬ್ಬ ಗಂಡನಿಗೆ ಊರೆಲ್ಲ ಹೆಂಡತಿಯರಾದರೆ ಊರು ಉಳಿಯುತ್ತದೆಯೇ? ಗಂಟೆ ಹೊಡೆದು ಸಲ್ಲದು ಅಂದುಬಿಟ್ಟರೆ ಅವಳ ಪಾಲಿಗೆ ಅವನು ಜನ್ಮಕ್ಕೇ ಇಲ್ಲ, ಮಾರನೆಯ ದಿನವೇ ಬೆಲ್ಲದ ಮಂಡಿಯವನ ಕೊರಳಿಗೆ ಹಾರ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಏನು ಮಾಡಲಿ, ಹಾರ ಕಟ್ಟುವುದು ನನ್ನ ಕೆಲಸ, ಕಟ್ಟುತ್ತಾ ಕೂತೆ.

ಸೇವಂತಿಗೆ ಮುಗಿಯಿತು, ಚೆಂಡುಹೂವು ಕಟ್ಟಿದೆ. ಚೆಂಡುಹೂವು ಮುಗಿಯಿತು, ಕಣಗಿಲೆ ಕಟ್ಟಿದೆ. ಕಣಗಿಲೆಯೂ ಮುಗಿಯಿತು, ಮಾವಿನೆಲೆ, ತುಳಸಿ, ಕೊನೆಗೆ ಹಾಗಲಬಳ್ಳಿಯನ್ನೂ ಸುತ್ತಿ ಕೊಟ್ಟೆ. ಹಾಗಲಬಳ್ಳಿ ಸಿಕ್ಕಿದ್ದು ಸೋದರಮಾವನಿಗೆ. ಬೇಕೆಂದೇ ಕೊಟ್ಟದ್ದು ಅಂತ ಇಟ್ಟುಕೊಳ್ಳಿ.

ಬೆಳಗಾಯಿತು. ಛತ್ರಿ ರಿಪೇರಿಯವನು ಅಂಗಡಿಯ ಹಲಗೆ ತೆಗೆದು ನೋಡುತ್ತಾನೆ, ಬೀದಿ ತುಂಬ ಹಾರ ಹಿಡಿದ ಜನ. ಯಾರೋ ತೀರಿಕೊಂಡಿರಬೇಕು ಅಂದುಕೊಂಡು ಪಾಪದವನು ತಲೆಯ ಟೋಪಿ ತೆಗೆದು ನಿಂತ. ಹಿಂದಿನ ದಿನ ಅವನು ಪಕ್ಕದ ಹಳ್ಳಿಗೆ ಛತ್ರಿ ಕಡ್ಡಿ ತರಲು ಹೋಗಿದ್ದವನು, ವಿಷಯವೇ ಗೊತ್ತಿರಲಿಲ್ಲ. ಹೇಳುವಷ್ಟು ಪುರುಸೊತ್ತು ಯಾರಿಗಿತ್ತು? ಮೊದಲಿಗೆ ಕ್ಷೌರದವನು ಬಂದು ಹಾರ ಹಾಕಿ ಪಕ್ಕಕ್ಕೆ ಸರಿದ. ಮೇಷ್ಟ್ರು ಬಂದರು, ಹಾಕಿದರು, ಸರಿದರು. ಬಡಗಿ ಬಂದ, ಹಾಕಿದ, ಸರಿದ. ನೀರು ಹೊರುವವಳು ಬಂದಳು, ಹಾಕಿದಳು, ಸರಿದಳು. ಹಾರದ ಮೇಲೆ ಹಾರ, ಹಾರದ ಮೇಲೆ ಹಾರ. ಮಧ್ಯಾಹ್ನದ ಹೊತ್ತಿಗೆ ಅವನ ಗದ್ದ ಮುಚ್ಚಿತು, ಆಮೇಲೆ ಬಾಯಿ ಮುಚ್ಚಿತು, ಆಮೇಲೆ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ನಾನೂ ಹೋಗಿ ಹಾಕಿದೆ. ಒಳಗಿನಿಂದ ಸೀನಿದ ಸದ್ದು ಬಂತು.

ಸಾಲು ಊರನ್ನು ಸುತ್ತಿ ಬಂದಿತ್ತು. ಅದರ ತುದಿಯಲ್ಲಿ ಹುಡುಗಿ ಬರಿಗೈಯಲ್ಲಿ ನಿಂತಿದ್ದಳು. ಹೂವೆಲ್ಲ ಮುಗಿದುಹೋಗಿತ್ತಲ್ಲ, ಅವಳಿಗೆ ಕೊಡಲು ನನ್ನ ಬುಟ್ಟಿಯಲ್ಲಿ ಒಂದು ಎಸಳೂ ಉಳಿದಿರಲಿಲ್ಲ. ಬೆಲ್ಲದ ಮಂಡಿಯವನು ಅವಳ ಮುಂದೆಯೇ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ.

ಹೊತ್ತು ಇಳಿಯಿತು. ಪೈಲ್ವಾನನ ಸರದಿ ಬಂತು. ಅವನು ಹಾರ ಎತ್ತಿದ್ದೇ ತಡ, ಹೂವಿನ ರಾಶಿಯೊಳಗಿನಿಂದ ಒಂದು ಕೈ ಹೊರಬಂದು ಆ ಹಾರವನ್ನು ಹಿಡಿದುಕೊಂಡಿತು. ನಮ್ಮೂರಿನಲ್ಲಿ ಹಾರ ಹಾಕಿಸಿಕೊಂಡವರನ್ನು ನೋಡಿದ್ದೇವೆ, ಹಾಕುವ ಕೈಯನ್ನು ತಡೆದವರನ್ನು ಯಾರೂ ನೋಡಿರಲಿಲ್ಲ. ಛತ್ರಿ ರಿಪೇರಿಯವನು ಇನ್ನೊಂದು ಕೈಯಿಂದ ಹೂವನ್ನು ಬಾಯಿಯ ಮಟ್ಟಕ್ಕೆ ಇಳಿಸಿಕೊಂಡು, ಎರಡು ಸಲ ಸೀನಿ, ಏನು ನಡೆಯುತ್ತಿದೆ ಅಂತ ಕೇಳಿದ. ಅಜ್ಜ ಬಂದು ಎಲ್ಲವನ್ನೂ ವಿವರಿಸಿದ. ಹುಡುಗಿ ಕಟ್ಟೆ ಹತ್ತಿದಳು ಅಂದಾಗ ಅವನ ಕಿವಿ ಕೆಂಪಾಯಿತು. ಉಳಿದದ್ದು ಕೇಳಿ ಮುಖವೆಲ್ಲ ಕೆಂಪಾಯಿತು.

"ಅಜ್ಜ, ನಾನೂ ಈ ಊರಿನವನೇ ತಾನೆ? ಹಾಗಾದ್ರೆ ನಾನೂ ಇವತ್ತು ಛತ್ರಿ ರಿಪೇರಿಯವನನ್ನು ಮದುವೆಯಾಗಬೇಕಲ್ಲ," ಅಂದ. ಒಂದು ಹಾರ ತೆಗೆದು ತನ್ನ ಕೊರಳಿಗೆ ತಾನೇ ಹಾಕಿಕೊಂಡ.

ಜನ ನಕ್ಕರು. ಅಜ್ಜನಿಗೂ ನಗು ಬಂತು, ಆದರೆ ನುಂಗಿಕೊಂಡ. ನಗು ಇಳಿದ ಮೇಲೆ ಛತ್ರಿ ರಿಪೇರಿಯವನು ಮೆಲ್ಲಗೆ, ಯಾರ ಮೇಲೂ ಸಿಟ್ಟಿಲ್ಲದೆ, ಬೆಳಗಿನಿಂದ ಇಷ್ಟು ಜನ ಬಂದಿರಿ, ನನಗೆ ಇದು ಬೇಕೋ ಬೇಡವೋ ಅಂತ ಒಬ್ಬರಾದರೂ ಕೇಳಿದಿರಾ ಅಂದ. ಕೇಳುವುದು ಅಂದರೇನು ಅಂತಲೇ ನಮಗೆ ತಿಳಿಯಲಿಲ್ಲ. ಛತ್ರಿಯನ್ನು ಬಿಚ್ಚುವ ಮೊದಲು ಛತ್ರಿಯನ್ನು ಯಾರು ಕೇಳುತ್ತಾರೆ?

ಅಷ್ಟರಲ್ಲಿ ಸಾಲಿನ ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು. ಅವಳು ಜಾಗ ಬಿಟ್ಟು ಬರುವ ಹಾಗಿರಲಿಲ್ಲ, ನಿಂತಲ್ಲಿಂದಲೇ ಹೇಳಿದಳು. ಎಲ್ಲರೂ ಮಾಡಬಹುದಾದದ್ದನ್ನು ಎಲ್ಲರೂ ಮಾಡಲೇಬೇಕು ಅಂತ ಯಾರು ಹೇಳಿದ್ದು? ಬಾವಿ ಎಲ್ಲರದೂ ಅಂದ ಮಾತ್ರಕ್ಕೆ ಎಲ್ಲರೂ ಒಂದೇ ಸಲಕ್ಕೆ ಬಾವಿಗೆ ಇಳಿಯುತ್ತೀರಾ? ನಾನು ಬೇಕು ಅಂದದ್ದು ನನಗೆ, ನಿಮಗಲ್ಲ. ನಿಮಗೆ ಯಾರು ಬೇಕೋ ಅದನ್ನು ನೀವು ಹೇಳಿ, ನಾನು ಅಡ್ಡ ಬಂದರೆ ಆಗ ಕೇಳಿ. ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ.

ಮಾತೇನೋ ಸರಿ, ಆದರೆ ಸಂಜೆಯ ಒಳಗೆ ಇದನ್ನು ಬದಲಿಸುವ ಅಧಿಕಾರ ನನಗಿಲ್ಲ ಅಂದ ಅಜ್ಜ. ಇವತ್ತು ಎಲ್ಲರೂ ಒಂದೇ ಕೆಲಸ ಮಾಡಬೇಕು, ಇಲ್ಲದಿದ್ದರೆ ಈ ದಿನವನ್ನು ತೂಗುವುದು ಹೇಗೆ? ಕೈಯಲ್ಲಿ ಗಂಟೆಯ ಕೋಲು ಹಿಡಿದೇ ಇದ್ದ. ಬಿಸಿಲು ಆಗಲೇ ಮಾಳಿಗೆಗಳಿಂದ ಇಳಿದು ಬೀದಿಯಲ್ಲಿ ಹಳದಿಯಾಗಿ ಬಿದ್ದಿತ್ತು.

ಛತ್ರಿ ರಿಪೇರಿಯವನು ಯೋಚಿಸಿದ. ಕೆಲಸದವನಲ್ಲವೇ, ಎಲ್ಲಿ ಕಡ್ಡಿ ಬಾಗಿದೆ ಅಂತ ಬೆರಳಾಡಿಸಿ ನೋಡುವ ಹಾಗೆ ಯೋಚಿಸಿದ. ಆಮೇಲೆ ಹೇಳಿದ, ಒಂದೇ ಕೆಲಸ ತಾನೆ, ಆಗಲಿ. ನಾನು ಎಲ್ಲರಿಗೂ ಒಂದೇ ಮಾತು ಕೇಳುತ್ತೇನೆ, ಎಲ್ಲರೂ ಅದಕ್ಕೆ ನಿಮ್ಮ ನಿಮ್ಮ ಮನಸ್ಸಿನ ಉತ್ತರ ಕೊಡಿ. ಅಷ್ಟು ಹೇಳಿ ಪೈಲ್ವಾನನ ಕಡೆ ತಿರುಗಿದ.

"ನಿಮಗೆ ನಾನು ಬೇಕಾ?"

ಪೈಲ್ವಾನ ಗಾಬರಿಯಾಗಿ, ಅಯ್ಯೋ, ನೀನ್ಯಾಕಪ್ಪ ನನಗೆ, ನಿಯಮ ಅಂತ ಬಂದೆ ಅಂದ. ಹಾಗಾದರೆ ಹಾರ ತಗೊಂಡು ಹೋಗಿ ಅಂದ ಇವನು. ಪೈಲ್ವಾನ ಹಾರ ಬಗಲಲ್ಲಿ ಇಟ್ಟುಕೊಂಡು ಬದುಕಿದೆಯಾ ಬಡಜೀವವೇ ಅಂತ ಹೊರಟ. ಛತ್ರಿ ರಿಪೇರಿಯವನು ಆಗಲೇ ಹಾಕಿಹೋದವರನ್ನೂ ಮತ್ತೆ ಕರೆದ. ಕ್ಷೌರದವನೇ, ನಿಮಗೆ ನಾನು ಬೇಕಾ? ಬೇಡ. ತಗೊಳ್ಳಿ ನಿಮ್ಮ ಹಾರ. ಮೇಷ್ಟ್ರೇ, ನಿಮಗೆ ನಾನು ಬೇಕಾ? ಬೇಡ. ತಗೊಳ್ಳಿ. ಕೊರಳಿಗೆ ಬಿದ್ದ ಹಾರವನ್ನು ತೆಗೆಯುವ ಹಾಗಿಲ್ಲ ಅಂತ ಅಜ್ಜ ಅಡ್ಡ ಬಂದ. ಹಾಕುವಾಗ ನನ್ನನ್ನು ಕೇಳಿದ್ದರೆ ತೆಗೆಯುವಾಗ ನಿಮ್ಮನ್ನು ಕೇಳುತ್ತಿದ್ದೆ ಅಂದ ಇವನು. ಅಜ್ಜ ಪಕ್ಕಕ್ಕೆ ಸರಿದು ನಿಂತ. ಹಾರ ಒಂದೊಂದೇ ಇಳಿಯಿತು. ಮೂಗು ಕಂಡಿತು, ಬಾಯಿ ಕಂಡಿತು, ಗದ್ದ ಕಂಡಿತು. ಬೇಡ, ಬೇಡ, ಬೇಡ ಅನ್ನುತ್ತಾ ಊರು ಹಗುರವಾಗುತ್ತಾ ಹೋಯಿತು. ನನ್ನನ್ನೂ ಕೇಳಿದ. ಬೇಡಪ್ಪ, ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ ಅಂದೆ. ಅಂದಮೇಲೆ ಯಾಕೋ ಖುಷಿಯಾಯಿತು.

ಹೀಗೆ ನಡೆಯುತ್ತಿರುವಾಗ ಅಜ್ಜನ ಹೆಂಡತಿಯ ಸರದಿ ಬಂತು. ನಮ್ಮ ಪಕ್ಕದ ಮನೆಯ ಅಜ್ಜಿ. ಯಾವತ್ತೂ ಗಂಡನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆಯುವವಳು, ನನಗೆ ಅವಳ ದನಿಗಿಂತ ಅವಳ ಪಾತ್ರೆಯ ಸದ್ದೇ ಹೆಚ್ಚು ಗೊತ್ತು. ನಿಮಗೆ ನಾನು ಬೇಕಾ ಅಜ್ಜಿ ಅಂತ ಛತ್ರಿ ರಿಪೇರಿಯವನು ಕೇಳಿದ. ಅಜ್ಜಿ ಹಾರ ಹಿಡಿದು ನಿಂತೇ ಇದ್ದಳು. ಹಿಂದಿನವರು ಬೇಗ ಬೇಗ ಅಂದರು, ಹೊತ್ತು ಮುಳುಗುತ್ತಿದೆ ಅಂದರು.

"ಈ ಮಾತನ್ನು ಇನ್ನೊಂದ್ಸಲ ಕೇಳಪ್ಪ," ಅಂದಳು ಅಜ್ಜಿ.

ಅವನು ಕೇಳಿದ. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಆಮೇಲೆ ಬೇಡ ಅಂದಳು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವರು ಅನ್ನುವ ಹಾಗೆ ನಿಧಾನವಾಗಿ. ಅಂದು, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನು ಇಷ್ಟು ವಯಸ್ಸಿಗೆ ಯಾರೂ ಇದನ್ನು ಕೇಳಿರಲಿಲ್ಲ ಕಣಪ್ಪ ಅಂದಳು. ಅಜ್ಜ ಆಚೆ ತಿರುಗಿಕೊಂಡು ಗಂಟೆಯ ಕೋಲನ್ನು ಪಂಚೆಗೆ ಒರೆಸುತ್ತಿದ್ದ.

ಸೋದರಮಾವ ಬೇಡ ಅಂದ, ಹಾಗಲಬಳ್ಳಿ ವಾಪಸು ಪಡೆದ. ಬೆಲ್ಲದ ಮಂಡಿಯವನು ಬೇಡ ಅಂದ. ಆದರೆ ಹೋಗದೆ ಅಲ್ಲೇ ನಿಂತು, ತಲೆ ಕೆರೆದುಕೊಂಡು, ನಿಜ ಹೇಳಬೇಕೆಂದರೆ ಆ ಹುಡುಗಿ ಬೇಕಾ ಅಂತಲೂ ನನ್ನನ್ನು ಯಾರೂ ಕೇಳಿಲ್ಲ, ನನಗೆ ಅವಳು ಮಾಡುವ ಹಪ್ಪಳ ಇಷ್ಟ, ಅಷ್ಟೇ ಅಂದ. ಬೀದಿಯೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು. ನಿಮಗೆ ಹಪ್ಪಳ ಕೊಡುವುದನ್ನು ನಿಲ್ಲಿಸುವುದಿಲ್ಲ ಅಂದಳು. ಅವನು ನಿರಾಳವಾಗಿ ಉಸಿರುಬಿಟ್ಟು ಪಕ್ಕಕ್ಕೆ ಸರಿದ.

ಈಗ ಅವಳು ಮತ್ತು ಅವನು. ಅವನ ಕೊರಳಲ್ಲಿ ತಾನೇ ಹಾಕಿಕೊಂಡ ಒಂದು ಹಾರ ಬಿಟ್ಟರೆ ಏನೂ ಇರಲಿಲ್ಲ. ಅವಳ ಕೈಯಲ್ಲೂ ಏನೂ ಇರಲಿಲ್ಲ. ಊರೆಲ್ಲರನ್ನು ಯಾವ ದನಿಯಲ್ಲಿ ಕೇಳಿದನೋ ಅದೇ ದನಿಯಲ್ಲಿ ಕೇಳಲು ಹೋದ, ಆಗಲಿಲ್ಲ, ದನಿ ಒಡೆಯಿತು.

"ನಿಮಗೆ ನಾನು ಬೇಕಾ?"

"ಬೇಕು," ಅಂದಳು. "ನಿಮಗೆ ನಾನು ಬೇಕಾ?"

"ಬೇಕು," ಅಂದ.

ಸೂರ್ಯ ಮುಳುಗಿದ. ನಾವೆಲ್ಲ ಅಜ್ಜನ ಕಡೆ ತಿರುಗಿದೆವು. ಅಜ್ಜ ಕಟ್ಟೆ ಹತ್ತಿ ನಿಂತ. ಊರನ್ನು ಉದ್ದಕ್ಕೂ ನೋಡಿದ. ಬೇಕು ಅಂದವರು ಇಬ್ಬರು, ಬೇಡ ಅಂದವರು ಊರೆಲ್ಲ, ಇದನ್ನು ಒಂದೇ ಕೆಲಸ ಅನ್ನಲು ಬರುತ್ತದೆಯೇ ಅಂತ ತನ್ನಷ್ಟಕ್ಕೆ ಗೊಣಗಿದ. ಕೋಲು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡಳು. ಬೆಳಗಿನಿಂದ ಮಗಳ ಮುಖ ನೋಡದೆ ಕೂತಿದ್ದವಳು ಈಗ ಗಟ್ಟಿಯಾಗಿ ಹಿಡಿದುಕೊಂಡಳು, ಬೆರಳು ನೋಯುವ ಹಾಗೆ.

ಆಗ ಗುಂಪಿನೊಳಗಿನಿಂದ ಅಜ್ಜಿ ಮಾತಾಡಿದಳು. ಉತ್ತರ ಬೇರೆ ಬೇರೆ ಇರಲಿ, ಕೇಳಿದ್ದು ಎಲ್ಲರನ್ನೂ ಒಂದೇ ಥರ ತಾನೆ, ನನ್ನನ್ನೂ ಬಿಡದೆ ಕೇಳಿದನಲ್ಲ ಅಂದಳು. ಊರು ಕೆಟ್ಟಿದೆಯಾ ನೋಡಿ, ಎಲ್ಲರೂ ನೆಟ್ಟಗೆ ನಿಂತಿದ್ದಾರೆ ಅಂದಳು.

ಅಜ್ಜ ಹೆಂಡತಿಯನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಗಂಟೆ ಹೊಡೆದ.

"ಕೇಳಿ ಒಪ್ಪಿಗೆ ಪಡೆದು ಮದುವೆಯಾಗುವುದು ಸಲ್ಲುತ್ತದೆ," ಅಂದ. "ಕೇಳದೆ ಹಾರ ಹಾಕುವುದು ಸಲ್ಲದು. ಒಬ್ಬರಿಗಲ್ಲ, ಎಲ್ಲರಿಗೂ."

ಬೀದಿ ಹೋ ಅಂತ ಕೂಗಿತು. ಪೈಲ್ವಾನ ಛತ್ರಿ ರಿಪೇರಿಯವನನ್ನು ಎತ್ತಿ ಕುಣಿದ. ವಾಪಸು ಪಡೆದ ಹಾರಗಳನ್ನೆಲ್ಲ ಜನ ಆ ಇಬ್ಬರ ಮೇಲೆ ಎಸೆದರು, ಹಾಗಲಬಳ್ಳಿಯನ್ನೂ. ತಾಯಿ ಅಳುತ್ತಾ ಹೋಗಿ ಮಗಳ ತಲೆಯಿಂದ ಮಾವಿನೆಲೆ ಹೆಕ್ಕಿ ತೆಗೆದಳು. ನಾನು ಬುಟ್ಟಿ ಎತ್ತಿಕೊಂಡು ಮನೆಗೆ ಬಂದೆ.

ಎಲ್ಲರಿಗೂ ಅಂದರೆ ಎಲ್ಲರಿಗೂ ತಾನೆ? ಆ ಸಂಜೆ ಪ್ರತಿ ಮನೆಯ ಬಾಗಿಲಲ್ಲೂ ಗಂಡಸರು, ಹೆಂಗಸರು ತಡವರಿಸುತ್ತಾ ನಿಂತಿದ್ದರು. ನಮ್ಮವರು ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದರು. ಸಾರು ಉಕ್ಕುತ್ತಿತ್ತು ನೋಡಿ, ನಾನು ಆತುರದಲ್ಲಿ ಹೂಂ ಅಂದುಬಿಟ್ಟೆ. ಸ್ವಲ್ಪ ಕಾಯಿಸಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ನಾನು ತಿರುಗಿ ಕೇಳಿದಾಗ ಅವರು ಮಾತ್ರ ಸೂರು ನೋಡುತ್ತಾ ಸಾಕಷ್ಟು ಹೊತ್ತು ಯೋಚಿಸಿದರು, ಆಸಾಮಿ.

ಸಾರು ಇಳಿಸಿ ಜಗಲಿಗೆ ಬಂದರೆ ಪಕ್ಕದ ಜಗಲಿಯ ಮೇಲೆ ತೀರ್ಪಿನಜ್ಜ ಕೂತಿದ್ದ. ಒಳಗೆ ಹೋಗಿಲ್ಲ, ಕಾಲು ತೊಳೆದಿಲ್ಲ. ಏನಜ್ಜ, ಕೇಳಿದಿರಾ ಅಂದೆ. ಕೇಳಿದೆ ಅಂದ. ಏನಂದಳು ಅಂದೆ. ಯೋಚನೆ ಮಾಡಿ ಹೇಳ್ತೀನಿ ಅಂದಳು ಅಂದ. ಇಷ್ಟು ವರ್ಷ ಸಲ್ಲುತ್ತದೆ, ಸಲ್ಲದು ಅಂತ ಊರಿಗೆಲ್ಲ ಹೇಳಿದ ಮನುಷ್ಯ, ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡು ಬಾಗಿಲ ಕಡೆಯೇ ನೋಡುತ್ತಿದ್ದ. ಅವಳು ಇಲ್ಲ ಅನ್ನಬಹುದು ಅನ್ನುವುದು ಅವನಿಗೆ ಹೊಳೆದದ್ದು ಅವತ್ತೇ ಇರಬೇಕು. ನಗಬೇಕು ಅಂದುಕೊಂಡೆ, ಆಗಲಿಲ್ಲ.

ಒಳಗೆ ತಟ್ಟೆಯ ಸದ್ದಾಯಿತು. ಅಜ್ಜಿ ಊಟಕ್ಕೆ ಕೂತಿದ್ದಳು, ಅವನಿಗಿಂತ ಮೊದಲು, ನಿಧಾನವಾಗಿ. ನಡುವೆ ಒಮ್ಮೆ ಕೈ ತಡೆದು, ಒಳಗಿನಿಂದಲೇ ಕೇಳಿದಳು.

"ಇನ್ನೂ ಕೂತಿದ್ದೀರಾ?"

"ಕೂತಿದ್ದೀನಿ," ಅಂದ ಅಜ್ಜ.

"ಕೂತಿರಿ," ಅಂದಳು ಅಜ್ಜಿ, ಮಜ್ಜಿಗೆ ಬಡಿಸಿಕೊಳ್ಳುತ್ತಾ.